ಕಾಲು ಮಡಚುವ ವಿಮಾನ

ನನ್ನ ಯುದ್ಧವಿಮಾನವನ್ನು ಕೊಕ್ಕರೆ ಎಂದು ಕರೆದದ್ದು ಶತ್ರುದೇಶದವರಲ್ಲ; ಅಗ್ನಿಸಾಕ್ಷಿಯಾಗಿ ಕೈಹಿಡಿದ ನನ್ನ ಹೆಂಡತಿ ಸತ್ಯಭಾಮಾ. ಅದೂ ಮನೆಯ ನಾಲ್ಕು ಗೋಡೆಗಳ ಮಧ್ಯೆ ಅಲ್ಲ, ಸಾರಕ್ಕಿ ಕೆರೆಯ ಪಕ್ಕದ ಬಯಲಿನಲ್ಲಿ, ನನ್ನ ಗೆಳೆಯ ಜಯಸಿಂಹನ ಎದುರಿಗೆ.

ಅರವತ್ತೇಳನೆಯ ಇಸವಿ. ನಾನು ವಿಮಾನ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದೆ. ಹಗಲೆಲ್ಲ ಕಾಗದದ ಮೇಲೆ ವಿಮಾನ, ಸಂಜೆ ಜಯನಗರದ ಮನೆಗೆ ಬಂದರೆ ಹಗುರ ಮರದ ಪಟ್ಟಿಗಳಲ್ಲಿ ಆಟದ ವಿಮಾನ. ("ಹೋಟ್ಲಿನ ಭಟ್ರು ಮನೆಗ್ ಬಂದು ಮತ್ತೆ ದೋಸೆ ಹುಯ್ತಾರೇನ್ರೀ?" ಎಂದು ಭಾಮೆ ಕೇಳುತ್ತಿದ್ದಳು. ನಾನು ಇನ್ನೊಂದು ಪಟ್ಟಿಗೆ ಅಂಟು ಹಚ್ಚುತ್ತಿದ್ದೆ.) ಜಯಸಿಂಹನ ಭಾವ ಇಂಗ್ಲೆಂಡಿನಿಂದ ಒಂದು ಪೆಟ್ಟಿಗೆ ತಂದುಕೊಟ್ಟಿದ್ದರು. ಕೆಳಗೆ ನಿಂತು ಅದರ ಗುಂಡಿ ಒತ್ತಿದರೆ ಆಕಾಶದಲ್ಲಿ ವಿಮಾನ ತಿರುಗುತ್ತಿತ್ತು, ತಂತಿಯಿಲ್ಲ, ದಾರವಿಲ್ಲ. ಪೆಟ್ಟಿಗೆ ಅವನದು, ವಿಮಾನ ನನ್ನದು. ಕಟ್ಟುವವನು ನಾನು, ಹಾರಿಸುವವನು ಅವನು. ದಾಂಪತ್ಯಕ್ಕಿಂತ ಸಲೀಸಾದ ಏರ್ಪಾಡು.

ಆ ಭಾನುವಾರ ನನ್ನ ಹೊಸ ವಿಮಾನ ಟೆಂಪೆಸ್ಟ್ ಮೊದಲ ಬಾರಿ ಮೇಲೇರಿತು. ನಮ್ಮ ವಾಯುಪಡೆಯಲ್ಲಿ ಹಿಂದೆ ಇದ್ದ ಭಾರಿ ಯುದ್ಧವಿಮಾನದ ತದ್ರೂಪು. ರೆಕ್ಕೆಗೆ ನಾನೇ ಬಣ್ಣ ಹಚ್ಚಿದ್ದೆ, ಗುರುತು ಬರೆದಿದ್ದೆ. ಅದು ತಲೆಯ ಮೇಲೆ ಗುಂಯ್ಗುಟ್ಟಿಕೊಂಡು ಹೋದಾಗ ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ಭಾಮೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಅದ್ಯಾಕ್ರೀ ಕೊಕ್ಕರೆ ಥರ ಕಾಲು ಇಳಿಬಿಟ್ಕೊಂಡು ಹೋಗ್ತಿದೆ? ನಿಜವಾದ ಯುದ್ಧವಿಮಾನ ಕಾಲು ಒಳಗೆ ಎಳ್ಕೊಳ್ಳಲ್ವೆ?"

ಜಯಸಿಂಹ ಪಕಪಕನೆ ನಕ್ಕ. ನಗುವಿನ ರಭಸಕ್ಕೆ ವಿಮಾನ ಒಂದು ಸಲ ತತ್ತರಿಸಿತು.

"ಮಡಚುತ್ತೆ ಕಣೇ," ಎಂದೆ. "ಸಂಕ್ರಾಂತಿಯೊಳಗೆ ಈ ವಿಮಾನ ಕಾಲು ಮಡಚಿ, ಮೇಲೆ ಬಾಗಿಲೂ ಹಾಕ್ಕೊಳ್ಳುತ್ತೆ. ಹಾಗಾಗದಿದ್ದರೆ ನಾನು ಸೇತುರಾಮನೇ ಅಲ್ಲ!"

"ಹಾಗಂದ್ರೆ ನಾನ್ಯಾರ ಹೆಂಡ್ತಿ ಅಂತ ಆಗುತ್ತೆ, ಸ್ವಲ್ಪ ಯೋಚ್ನೆ ಮಾಡಿ," ಎಂದಳು ಭಾಮೆ.

ಭೀಷ್ಮ ಪ್ರತಿಜ್ಞೆ ಮಾಡಿದಾಗ ದೇವತೆಗಳು ಹೂಮಳೆ ಸುರಿಸಿದರಂತೆ. ನನಗೆ ಸಿಕ್ಕಿದ್ದು ಇಷ್ಟೇ.

ಮಾರನೆಯ ದಿನದಿಂದಲೇ ಕೆಲಸ ಶುರು. ಭಾಮೆಯ ಹೊಲಿಗೆಯಂತ್ರದ ಮೇಜಿನ ಮೇಲೆ ಟೆಂಪೆಸ್ಟನ್ನು ಅಂಗಾತ ಮಲಗಿಸಿ ರೆಕ್ಕೆಯ ಹೊಟ್ಟೆ ಕುಯ್ದೆ. ಹೊಲಿಗೆಯಂತ್ರ ಅಡುಗೆಮನೆಗೆ ವರ್ಗವಾಯಿತು. ಚಾವಿ ಕೊಡುವ ಆಟಿಕೆಗಳ ಕಾಲ ಮುಗಿದು ಬ್ಯಾಟರಿ ಮೋಟಾರಿನ ಕಾರುಗಳು ಬಂದಿದ್ದವು. ಅಂಥ ಒಂದು ಕಾರನ್ನು ಬಿಚ್ಚಿ ಮೋಟಾರು ತೆಗೆದೆ. ಅದು ಒಂದು ದಿಕ್ಕಿಗೆ ತಿರುಗಿದರೆ ದಾರ ಸುತ್ತಿಕೊಂಡು ಚಕ್ರದ ಕಾಲುಗಳನ್ನು ಒಳಗೆ ಎಳೆಯಬೇಕು, ಇನ್ನೊಂದು ದಿಕ್ಕಿಗೆ ತಿರುಗಿದರೆ ಬಾಗಿಲು ತೆರೆದು ಕಾಲು ಹೊರಗೆ ಬಿಡಬೇಕು. ತಗಡಿನ ಡಬ್ಬ ಕತ್ತರಿಸಿ ಬಾಗಿಲು ಮಾಡಿದೆ. ಭಾಮೆಯ ಕುಂಕುಮದ ಡಬ್ಬಿಯಿಂದ ಪುಟ್ಟ ಹಿತ್ತಾಳೆ ಕೀಲುಗಳು ಬಂದವು. (ಡಬ್ಬಿಯನ್ನು ಕೇಳಿದೆ, ಅದು ಬೇಡ ಎನ್ನಲಿಲ್ಲ.)

ಕಾಗದದ ಮೇಲೆ ಎಲ್ಲವೂ ಸುಸೂತ್ರವಾಗಿತ್ತು. ಮೇಜಿನ ಮೇಲೆ, ಜಯಸಿಂಹನಿಂದ ಎರವಲು ತಂದ ಪೆಟ್ಟಿಗೆಯ ಗುಂಡಿ ಒತ್ತಿದರೆ ಬಲಗಾಲು ರೊಯ್ಯನೆ ಒಳಗೆ ಹೋಗುತ್ತಿತ್ತು, ಎಡಗಾಲು ಅರ್ಧ ದಾರಿಯಲ್ಲಿ ನಿಂತು ಯೋಚಿಸುತ್ತಿತ್ತು. ಎಡಗಾಲನ್ನು ಸರಿಮಾಡಿದರೆ ಎರಡೂ ಕಾಲು ಬರುವ ಮೊದಲೇ ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

"ಬರೋರು ಒಳಗೆ ಕಾಲಿಡೋ ಮುಂಚೇನೇ ಬಾಗಿಲು ಹಾಕ್ಕೊಂಡ್ರೆ ಹೇಗೆ? ಜಿಪುಣರ ಮನೆ ಇದ್ದಹಾಗಿದೆ," ಎಂದಳು ಭಾಮೆ, ಹುಳಿ ಬಡಿಸುತ್ತ.

"ಕ್ರಮ ತಪ್ಪಿದೆ. ಸರಿಮಾಡ್ತೀನಿ."

"ಅನ್ನಕ್ಕೂ ಒಂದು ಕ್ರಮ ಇದೆ. ಬಿಸಿ ಇರೋವಾಗ ತಿನ್ನೋದು."

ನಾನು ಬಿಡಲಿಲ್ಲ. ಬೆಳಿಗ್ಗೆ ಬೇಗ ಎದ್ದು ದಾರ ಬಿಗಿಸುವುದು, ಸಂಜೆ ಬಂದು ಸಡಿಲಿಸುವುದು. ಬಸ್ಸಿನಲ್ಲಿ ಕೂತಾಗ ನನ್ನ ಎರಡು ಕೈಗಳು ತಾವೇ ಬಾಗಿಲಿನಂತೆ ಮುಚ್ಚಿ ತೆರೆಯುತ್ತಿದ್ದವು. ಪಕ್ಕದಲ್ಲಿದ್ದವರೊಬ್ಬರು, ಪಾಪ, ನಮಸ್ಕಾರ ಅಂದುಕೊಂಡು ಪ್ರತಿ ನಮಸ್ಕಾರ ಮಾಡಿದರು. ಅಂತೂ ಮೊದಲು ಕಾಲು, ಆಮೇಲೆ ಬಾಗಿಲು ಎಂಬ ಸನ್ನಡತೆಯನ್ನು ಟೆಂಪೆಸ್ಟ್ ಕಲಿತುಕೊಂಡಿತು.

ಉಳಿದದ್ದು ಒಂದೇ ತೊಡಕು. ಮುಚ್ಚಿದ ಬಾಗಿಲು ಮುಚ್ಚಿಕೊಂಡಿರುತ್ತಿರಲಿಲ್ಲ. ಅಜ್ಜನ ಕೆಳದವಡೆಯಂತೆ ಜೋತುಬೀಳುತ್ತಿತ್ತು. ಗಾಳಿಗೆ ಸಿಕ್ಕರೆ ಕಿತ್ತೇ ಹೋಗುತ್ತಿತ್ತು. ಆಗ ನನ್ನ ಕಣ್ಣಿಗೆ ಬಿದ್ದದ್ದು, ಒತ್ತಿದರೆ ಟಿಚ್ ಎಂದು ಕೂಡಿಕೊಳ್ಳುವ ರವಿಕೆಯ ಟಿಚ್ ಗುಂಡಿ. ಎಂಥ ಆವಿಷ್ಕಾರ! ತಗಡಿಗೆ ಅರ್ಧ, ರೆಕ್ಕೆಗೆ ಅರ್ಧ. ಬೀರುವಿನಲ್ಲಿ ಹೊಸ ರೇಷ್ಮೆ ರವಿಕೆಯೊಂದು ಸುಮ್ಮನೆ ಕೂತಿತ್ತು. ನಾನು ಸುಮ್ಮನೆ ಕೂರಲಿಲ್ಲ.

ಮರುದಿನ ಭಾಮೆ ಆ ರವಿಕೆಯನ್ನು ಬಾವುಟದಂತೆ ಹಿಡಿದುಕೊಂಡು ಬಂದಳು. ಹೆಸರಿಗೆ ತಕ್ಕ ಮುಖಭಾವ.

"ಇದರ ಟಿಚ್ ಗುಂಡಿ ಎಲ್ಲಿ?"

ನಾನು ಕಣ್ಣಿನಲ್ಲೇ ಟೆಂಪೆಸ್ಟನ್ನು ತೋರಿಸಿದೆ. ನನ್ನ ಕತೆ ಮುಗಿಯಿತೆಂದುಕೊಂಡೆ. ಅವಳು ಬಗ್ಗಿ ನೋಡಿದಳು. ಮುಚ್ಚಿದಳು, ತೆರೆದಳು. ಮತ್ತೆ ಬಗ್ಗಿ ನೋಡಿದಳು.

"ಇದು ಹಿಡೀತಿಲ್ವಲ್ಲ!"

"ಅದೇ ನನಗೂ ಗೊತ್ತಾಗ್ತಿಲ್ಲ ಕಣೇ. ನಿನ್ನೆಯಿಂದ ಒತ್ತಿ ಒತ್ತಿ ಹೆಬ್ಬೆರಳು ಬಾತುಹೋಗಿದೆ."

"ಅಯ್ಯೋ ದೇವರೇ! ಎರಡು ಕಡೇನೂ ಗಂಡು ಗುಂಡೀನೇ ಹಾಕಿದೀರಲ್ರೀ! ಗಂಡಿಗೆ ಗಂಡು ಹೇಗ್ರೀ ಕೂಡುತ್ತೆ? ಇಷ್ಟು ವರ್ಷ ಸಂಸಾರ ಮಾಡಿದವರಿಗೆ ಇದೂ ಗೊತ್ತಿಲ್ವೆ?"

ಕೋಪ ಎಲ್ಲಿ ಹೋಯಿತೋ. ಸೂಜಿ ದಾರ ತಂದು, ಸೆರಗು ಸಿಕ್ಕಿಸಿ ಕೂತೇಬಿಟ್ಟಳು. ತಗಡಿಗೆ ನಾನು ತೂತು ಕೊರೆದುಕೊಟ್ಟೆ, ಅವಳು ಹೊಲಿದಳು. ಆಮೇಲೆ ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ. ಕಾಲು ಎರಡೂ ಜೊತೆಯಾಗಿ ಒಳಗೆ ಹೋದವು, ಬಾಗಿಲು ಬಂದವು, ಟಿಚ್! ರೆಕ್ಕೆಯ ಹೊಟ್ಟೆ ನುಣ್ಣಗೆ ಕಲ್ಲಿನಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಕ್ಕಳಂತೆ ನಕ್ಕೆವು. ಮತ್ತೆ ಒತ್ತಿದರೆ ಟಿಚ್ ಎಂದು ತೆರೆಯಿತು. ಅವತ್ತು ಅನ್ನ ಆರಿದ್ದು ಅವಳ ಗಮನಕ್ಕೂ ಬರಲಿಲ್ಲ.

ಸಂಕ್ರಾಂತಿಗೆ ಮುಂಚಿನ ಭಾನುವಾರ ಸಾರಕ್ಕಿ ಬಯಲಿಗೆ ಹೊರಟೆವು. ಅಲ್ಲಿಯ ಗಾಡಿ ಜಾಡು ಗಟ್ಟಿಯಾಗಿದ್ದು ಓಡಿ ಮೇಲೇರಲು ಅನುಕೂಲ. ಪಕ್ಕದಲ್ಲೇ ಚಿಕ್ಕಬೈರಪ್ಪನ ಹುರುಳಿ ಹೊಲ, ಬಳ್ಳಿ ಹಬ್ಬಿ ಹಾಸಿಗೆಯಂತಿತ್ತು. ಚಿಕ್ಕಬೈರಪ್ಪ ಬದುವಿನ ಮೇಲೆ ನಿಂತು, "ನಿಮ್ ಇಮಾನ ಎಲ್ಲಾದ್ರೂ ಬೀಳ್ಲಿ ಸೋಮಿ, ನನ್ನ ಹುಳ್ಳಿ ಮಾತ್ರ ತುಳೀಬ್ಯಾಡಿ," ಎಂದ.

"ಬೀಳೋ ಮಾತೇ ಇಲ್ಲ," ಎಂದೆ.

ಟೆಂಪೆಸ್ಟ್ ಧೂಳೆಬ್ಬಿಸಿಕೊಂಡು ಓಡಿ ಮೇಲೆ ಎದ್ದಿತು. ಜಯಸಿಂಹ ಒಂದು ಸುತ್ತು ಹಾಕಿಸಿ, "ಮಡಚಲೇನೋ?" ಎಂದ.

"ಮಡಚು!"

ಆಹಾ! ಕಾಲುಗಳು ಒಳಸರಿದವು. ಬಾಗಿಲು ಮುಚ್ಚಿದವು. ಎಂಜಿನ್ನಿನ ಸದ್ದಿನಲ್ಲಿ ಟಿಚ್ ಕೇಳಲಿಲ್ಲ, ಆದರೆ ನನ್ನ ಹೃದಯದಲ್ಲಿ ಕೇಳಿತು. ಈಗ ಅದು ಆಟಿಕೆಯಲ್ಲ, ನಿಜವಾದ ಯುದ್ಧವಿಮಾನ! ಸೂರ್ಯನ ಬೆಳಕಿನಲ್ಲಿ ಹೊಟ್ಟೆ ಮಿಂಚುತ್ತ ನಮ್ಮ ತಲೆಯ ಮೇಲೆ ಹಾದುಹೋಯಿತು. ಚಿಕ್ಕಬೈರಪ್ಪ ಚಪ್ಪಾಳೆ ತಟ್ಟಿದ. ಭಾಮೆ ನನ್ನ ತೋಳು ಹಿಡಿದುಕೊಂಡು, "ಏನ್ ಚೆನ್ನಾಗಿದೇರೀ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು. ನಾನು ಧೂಳು ಎಂದೆ.

"ಸಾಕು, ಎಣ್ಣೆ ಮುಗೀತಾ ಬಂತು. ಕಾಲು ಇಳಿಸ್ತೀನಿ," ಎಂದ ಜಯಸಿಂಹ.

ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ.

"ಸೇತು, ಬಾಗಿಲು ತೆರೀತಿಲ್ಲ ಕಣೋ!"

"ಗಟ್ಟಿಯಾಗಿ ಒತ್ತೋ!"

"ನಾನು ಗಟ್ಟಿಯಾಗಿ ಒತ್ತಿದರೆ ಅಲ್ಲಿ ಗಟ್ಟಿಯಾಗುತ್ತೇನೋ? ಇದೇನು ಬಾಗಿಲು ತಟ್ಟೋದೇ?"

"ಮನೆಯಲ್ಲಿ ತೆರೀತಿತ್ತು ಕಣೋ! ಒಂದೇ ಒಂದು ಸಲ ತಪ್ಪಿರಲಿಲ್ಲ!"

ಆಗ ನನ್ನ ಪಕ್ಕದಿಂದ ಸಣ್ಣ ಧ್ವನಿ ಬಂತು.

"ರೀ... ಮೇಲೆ ಗಾಳಿ ಜೋರಿರುತ್ತಲ್ಲ, ಬಿಚ್ಚಿಕೊಂಡ್ರೆ ನಿಮಗೆ ಅವಮಾನ ಆಗುತ್ತೆ ಅಂತ, ಇವತ್ತು ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಒಂದೊಂದು ಬಾಗಿಲಿಗೂ ಇನ್ನೆರಡೆರಡು ಟಿಚ್ ಗುಂಡಿ ಹೊಲಿದುಬಿಟ್ಟೆ."

ನಾನು ಬಾಯಿ ತೆರೆದೆ. ಆ ಹೊತ್ತಿನಲ್ಲಿ ತೆರೆದದ್ದು ಅದೊಂದೇ.

ಎಂಜಿನ್ನು ಕೆಮ್ಮಿತು, ನಿಂತಿತು. ಟೆಂಪೆಸ್ಟ್ ಸದ್ದಿಲ್ಲದೆ ತೇಲುತ್ತ ಕೆಳಗಿಳಿಯಿತು. ಗಾಡಿ ಜಾಡಿನ ಕಲ್ಲುಗಳ ಮೇಲೆ ಇಳಿದರೆ ಹೊಟ್ಟೆ ಹರಿಯುತ್ತದೆಂದು ಜಯಸಿಂಹ ಅದನ್ನು ಹುರುಳಿ ಹೊಲಕ್ಕೆ ತಿರುಗಿಸಿದ. "ಅಯ್ಯಯ್ಯೋ ನನ್ ಹುಳ್ಳಿ!" ಎಂದು ಚಿಕ್ಕಬೈರಪ್ಪ ಕೂಗಿದ. ನಾನು ಕಣ್ಣು ಮುಚ್ಚಿದೆ.

ಸುರ್ ಎಂದು ಶಬ್ದ, ಆಮೇಲೆ ನಿಶ್ಶಬ್ದ. ಓಡಿಹೋಗಿ ನೋಡಿದರೆ, ಬಳ್ಳಿಯ ಮೇಲೆ ಟೆಂಪೆಸ್ಟ್ ಕಾವಿಗೆ ಕೂತ ಕೋಳಿಯಂತೆ ನೆಮ್ಮದಿಯಾಗಿ ಕೂತಿತ್ತು. ಮೂಗಿನಲ್ಲಿ ತಿರುಗುವ ರೆಕ್ಕೆ ಮುರಿದದ್ದು ಬಿಟ್ಟರೆ ಒಂದು ಗೀರಿಲ್ಲ. ಬಾಗಿಲು ಆಗಲೂ ಭದ್ರ.

ಜಯಸಿಂಹ ಮಂಡಿಯೂರಿ ಸುತ್ತ ನೋಡಿದ. "ಸೇತು, ಕಾಲು ಹೊರಗಿದ್ದಿದ್ದರೆ ಬಳ್ಳಿಗೆ ಸಿಕ್ಕಿ ಪಲ್ಟಿ ಹೊಡೆದು ಚೂರಾಗ್ತಿತ್ತು. ನಿಮ್ಮ ಮನೆಯವರೇ ಇದನ್ನ ಉಳಿಸಿದ್ದು!" ಎದ್ದು ಮಂಡಿ ಕೊಡವಿಕೊಂಡು, "ಹೊಟ್ಟೆ ಮೇಲೆ ಇಷ್ಟು ಚೆನ್ನಾಗಿ ಇಳಿಯೋದಾದ್ರೆ ಚಕ್ರ ಯಾಕೋ ಬೇಕು? ಎಲ್ಲ ಕಿತ್ತು ಹಾಕು. ಹಗುರ ಆಗುತ್ತೆ. ಕೈಯಲ್ಲಿ ಎಸೆದು ಹಾರಿಸೋಣ," ಎಂದ.

"ಏನಂದೆ?"

"ಆ ಕಾಲು ಬಾಗಿಲು ಎಲ್ಲ ತೆಗೆದ್ರೆ ಹಾರಿಸ್ತೀನಿ. ಇಲ್ದಿದ್ರೆ ಇನ್ನೊಂದ್ಸಲ ನನ್ನ ಪೆಟ್ಟಿಗೆ ಮುಟ್ಟಲ್ಲ. ನನ್ನ ಎದೆ ನಿಂತುಹೋಗಿತ್ತು ಕಣೋ!"

ಹಾರಿದರೆ ಕಾಲಿಲ್ಲ, ಕಾಲಿದ್ದರೆ ಹಾರಾಟವಿಲ್ಲ. ಮತ್ತೊಬ್ಬನಾಗಿದ್ದರೆ ಒಪ್ಪುತ್ತಿದ್ದ. ನಾನು ತಲೆಯೆತ್ತಿ, "ಹಾರದಿದ್ದರೂ ಚಿಂತೆಯಿಲ್ಲ, ಕಾಲನ್ನು ಮಾತ್ರ ಕೀಳಲಾರೆ," ಎಂದು ಟೆಂಪೆಸ್ಟನ್ನು ಎತ್ತಿಕೊಂಡು ಮನೆಗೆ ನಡೆದೆ.

ಈಗ ಜಯಸಿಂಹ ಪ್ರತಿ ಭಾನುವಾರ ಚಕ್ರವಿಲ್ಲದ ವಿಮಾನವನ್ನು ಸಾರಕ್ಕಿಯಲ್ಲಿ ಎಸೆದು ಹಾರಿಸುತ್ತಾನೆ. ನನ್ನ ಟೆಂಪೆಸ್ಟ್ ನಮ್ಮ ನಡುಮನೆಯ ಚಾವಣಿಯಿಂದ ತೂಗುತ್ತಿದೆ. ಹೆಚ್ಚುವರಿ ಟಿಚ್ ಗುಂಡಿಗಳನ್ನು ಬಿಚ್ಚಿ ಭಾಮೆಗೆ ಗೌರವಪೂರ್ವಕವಾಗಿ ಹಿಂತಿರುಗಿಸಿದ್ದೇನೆ. ನಾನು ಕೂರುವ ಕುರ್ಚಿಯ ಪಕ್ಕದ ಗೋಡೆಗೆ ತಂತಿ ಎಳೆದು ಒಂದು ಕಾಲಿಂಗ್ ಬೆಲ್ಲಿನ ಗುಂಡಿ ಹಾಕಿದ್ದೇನೆ. ಒತ್ತಿದರೆ ಕಾಲು ಮಡಚುತ್ತದೆ. (ಕಾಲಿಂಗ್ ಬೆಲ್ ಎಂಬ ಹೆಸರು ಸಾರ್ಥಕವಾದದ್ದು ಇಡೀ ಜಯನಗರದಲ್ಲಿ ನಮ್ಮ ಮನೆಯಲ್ಲೇ.) ಬಂದವರಿಗೆಲ್ಲ ಭಾಮೆಯೇ ಹುರುಪಿನಿಂದ, "ರೀ, ಕಾಲು ಮಡಚಿ ತೋರ್ಸಿ," ಎನ್ನುತ್ತಾಳೆ. ನಾನು ತೋರಿಸುತ್ತೇನೆ.

ಮೊನ್ನೆ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಮನೆಯಲ್ಲಿ ಅತಿಥಿಗಳು ಯಾರೂ ಇರಲಿಲ್ಲ. ಭಾಮೆ ಬಾಗಿಲಲ್ಲಿ ನಿಂತು, "ರೀ, ಸ್ವಲ್ಪ ಕಾಲು ಮಡಚೀಂದ್ರೆ," ಎಂದಳು.

ಯಾರಿಗೂ ತೋರಿಸಲಿಕ್ಕಲ್ಲ, ತಾನೇ ನೋಡಬೇಕೆಂದು ಕೇಳುತ್ತಿದ್ದಾಳೆ! ನನ್ನ ಶ್ರಮ ಸಾರ್ಥಕವಾಯಿತು ಎಂದು ಸಂತೋಷದಿಂದ ಗುಂಡಿ ಒತ್ತಿದೆ. ಟಿಚ್! ಎಂಥ ಸೊಗಸು! ಹೆಮ್ಮೆಯಿಂದ ಅವಳ ಕಡೆ ತಿರುಗಿದೆ.

ಅವಳ ಕೈಯಲ್ಲಿ ಪೊರಕೆಯಿತ್ತು.

"ವಿಮಾನದ್ದಲ್ರೀ, ನಿಮ್ದು. ಕುರ್ಚಿ ಕೆಳಗೆ ಕಸ ಗುಡಿಸ್ಬೇಕು."