ಸಪ್ಪಳವಿಲ್ಲದ ಕಾರು

ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಐವತ್ತು ದಾಟಬೇಕಾಯಿತು, ಹೆಂಡತಿ ಗಿರಿಜಾಗೆ ಮಾತ್ರ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತಂತೆ. ಆದರೆ ದೊಡ್ಡವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಮಂತ್ರಿಗಳ ಬಂಗಲೆ, ಗಂಗಾವತಿ ಸಾಹುಕಾರರ ರೈಸ್‌ಮಿಲ್ಲು, ಇವುಗಳ ಗೊಡವೆಗೆ ನಾನು ಹೋಗುವುದಿಲ್ಲ. ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುವ ನನ್ನ ಭಾವಮೈದುನ, ಅರವತ್ತಾದರೂ ತಲೆತುಂಬ ಕಪ್ಪು ಕೂದಲಿರುವ ನಮ್ಮ ಆಫೀಸಿನ ಹಳೆಯ ಜವಾನ, ಇಂಥವರನ್ನು ಕಂಡರೆ ಮಾತ್ರ ನನಗೆ ತಡೆದುಕೊಳ್ಳಲಾಗುವುದಿಲ್ಲ. ಅಂಥದ್ದರಲ್ಲಿ ಎದುರುಮನೆಯ ವೀರೇಶ ಒಂದು ಸಣ್ಣ ಬ್ಯಾಟರಿ ಕಾರು ತಂದು ನಿಲ್ಲಿಸಿದರೆ ನನ್ನ ಗತಿ ಏನಾಗಬೇಕು, ನೀವೇ ಹೇಳಿ.

ಕೊಪ್ಪಳದ ಮಗ್ಗುಲಿನ ಭಾಗ್ಯನಗರದ ನಮ್ಮ ಓಣಿಯಲ್ಲಿ ಹನ್ನೆರಡು ವರ್ಷದಿಂದ ಕಾರು ಅಂತ ಇದ್ದದ್ದು ನನ್ನದೊಂದೇ. ಡೀಸೆಲ್ಲಿನದು. ಅದು ಸ್ಟಾರ್ಟ್ ಆದರೆ ಮೂರು ಮನೆಯಾಚೆಯ ಕಿಟಕಿ ನಡುಗುತ್ತದೆ. ಬೆಳಿಗ್ಗೆ ಯಲಬುರ್ಗಾದ ಆಫೀಸಿಗೆ ಹೊರಟೆನೆಂದರೆ ‘ಸಾಹೇಬ್ರು ಹೊಂಟ್ರು’ ಎಂದು ಓಣಿಗೆಲ್ಲ ತಿಳಿಯುತ್ತಿತ್ತು. ನಾನು ಸಾಹೇಬನೇನಲ್ಲ, ಗುಮಾಸ್ತ. ಆ ಮರ್ಯಾದೆಯೆಲ್ಲ ಕಾರಿನದು. ಹುಲಿಗೆಮ್ಮನ ದರ್ಶನಕ್ಕೆ ಹೋಗಬೇಕೆಂದರೆ ಓಣಿಯ ಹೆಂಗಸರು ಹಿಂದಿನ ದಿನವೇ ಬಂದು, “ಅಣ್ಣಾರ, ನಾಳಿ ಹುಲಿಗಿಗೆ ಗಾಡಿ ಹೊಂಟೈತೇನ್ರಿ?” ಎಂದು ಕೇಳುತ್ತಿದ್ದರು. ನಾನು ಕ್ಯಾಲೆಂಡರ್ ನೋಡಿದಂತೆ ಮಾಡಿ, ಬಹಳ ಯೋಚಿಸಿ, ಹೂಂ ಅನ್ನುತ್ತಿದ್ದೆ.

ವೀರೇಶ ಯಲಬುರ್ಗಾದಲ್ಲಿ ಶಾಲಾ ಮಾಸ್ತರ. ಮೊನ್ನೆ ಮೊನ್ನೆಯವರೆಗೆ ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಕೂತು ಬರುತ್ತಿದ್ದವನು. ಅವನ ಕಾರಿಗೆ ಮುಂದೆ ಮೂತಿಯಿಲ್ಲ, ಹಿಂದೆ ಡಿಕ್ಕಿಯಿಲ್ಲ. “ಇದು ಆಟಿಗಿ ಸಾಮಾನಪಾ ವೀರೇಶ. ನಾಕು ಮಂದಿ ಕುಂತ್ರ ರೈಲ್ವೆ ಗೇಟಿನ ಏರು ಹತ್ತೂದಿಲ್ಲ,” ಅಂದೆ. ಅವನು ನಕ್ಕು, “ನೋಡೂಣ್ರಿ ಅಣ್ಣಾರ,” ಅಂದ.

ಮರುದಿನವೇ ನೋಡುವ ಪ್ರಸಂಗ ಬಂತು. ಗೇಟು ಬಿದ್ದರೆ ನಮ್ಮಲ್ಲಿ ಯಾರೂ ಒಬ್ಬರ ಹಿಂದೊಬ್ಬರು ನಿಲ್ಲುವುದಿಲ್ಲ, ರಸ್ತೆಯ ಅಗಲ ಎಷ್ಟಿದೆಯೋ ಅಷ್ಟನ್ನೂ ತುಂಬುತ್ತೇವೆ. ಗೇಟು ಮೇಲೇಳುವಾಗ ಮೊದಲು ನುಗ್ಗುವುದೊಂದು ವಿದ್ಯೆ, ಅದರಲ್ಲಿ ನಾನು ಪಳಗಿದವನು. ಅವತ್ತೂ ಫಸ್ಟ್ ಗೇರಿನಲ್ಲಿ ಕ್ಲಚ್ಚಿನ ಮೇಲೆ ಕಾಲಿಟ್ಟು ಹಲ್ಲು ಕಚ್ಚಿ ಕೂತಿದ್ದೆ. ಪಕ್ಕದಲ್ಲಿ ವೀರೇಶನ ಕಾರು ನಿದ್ದೆ ಹೋದಂತೆ ತೆಪ್ಪಗಿತ್ತು. ಗೇಟು ಎದ್ದಿತು. ನನ್ನ ಎಂಜಿನ್ನು ಒಮ್ಮೆ ಗುಟುರು ಹಾಕುವಷ್ಟರಲ್ಲಿ ಅವನು ನಾಲ್ಕು ಮಂದಿಯನ್ನು ಹೊತ್ತು ಹಳಿ ದಾಟಿ ಆಚೆ ಇಳಿದಿದ್ದ. ಹಿಂದಿನ ಗಾಜಿನಿಂದ ಯಾರೋ ನನಗೆ ಕೈಬೀಸಿದರು. ನೋಡಿದರೆ ಗಿರಿಜಾ. ಯಲಬುರ್ಗಾದ ತಂಗಿಯ ಮನೆಗೆ ಹೊರಟವಳು, ಹೊಸ ಕಾರು ನೋಡೋಣವೆಂದು ಅದರಲ್ಲಿ ಕೂತಿದ್ದಳು.

“ಹೊಟ್ಟ್ಯಾಗಿನ ನೀರು ಅಳ್ಳಾಡಲಿಲ್ಲ ನೋಡ್ರಿ. ಮಾತಾಡಿದ್ದೂ ಕೇಳ್ತೈತಿ,” ಎಂದು ಸಂಜೆ ವರದಿ ಮಾಡಿದಳು. ನನ್ನ ಕಾರಿನಲ್ಲಿ ಹನ್ನೆರಡು ವರ್ಷ ಅವಳ ಮಾತು ನನಗೆ ಕೇಳಿರಲಿಲ್ಲ. ಅದನ್ನು ನಾನು ಕಾರಿನ ಗುಣವೆಂದೇ ತಿಳಿದಿದ್ದೆ. ಆ ಸಲ ಹುಲಿಗಿಗೆ ಗಾಡಿ ಕೇಳಲು ಹೆಂಗಸರು ಎದುರುಮನೆಗೆ ಹೋದರು. ನಾನು ಕ್ಯಾಲೆಂಡರ್ ನೋಡುತ್ತಾ ಒಬ್ಬನೇ ಕೂತೆ.

ಅಮಾವಾಸ್ಯೆಗೆ ಹೊಸ ಗಾಡಿಯ ಪೂಜೆ. ವೀರೇಶ ಮನೆಗೇ ಬಂದು ಕರೆದ. “ಓಣ್ಯಾಗ ಗಾಡಿ ಹೊಡಿಯೂದ್ರಾಗ ನೀವ ಹಿರ್ಯಾರು. ನಿಂಬಿಹಣ್ಣಿನ ಮ್ಯಾಲ ನೀವ ಹಾಯಸಬೇಕ್ರಿ ಅಣ್ಣಾರ.” ನನ್ನ ಎದೆ ಉಬ್ಬಿತು. ಹೋದ ಮರ್ಯಾದೆ ತಾನಾಗಿ ತಿರುಗಿ ಬಂದಿತ್ತು. ಹಾರ ಹಾಕಿ, ಅರಿಶಿನ ಕುಂಕುಮ ಬಳಿದು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ನಾನು ಗತ್ತಿನಿಂದ ಒಳಗೆ ಕೂತೆ. ನಮ್ಮಲ್ಲಿ ಕಾಯಿ ಒಡೆದ ಕೂಡಲೇ ಸ್ಟೀರಿಂಗ್ ಹಿಡಿದವನು ಎಂಜಿನ್ನನ್ನು ಎರಡು ಸಲ ಜೋರಾಗಿ ಗುಂಯ್‌ಗುಡಿಸಬೇಕು. ಗಾಡಿ ಕೂಗದಿದ್ದರೆ ಪೂಜೆ ಮುಟ್ಟಿತೆಂದು ಯಾರಿಗೂ ಅನ್ನಿಸುವುದಿಲ್ಲ.

“ಚಾಲೂ ಮಾಡೋ,” ಅಂದೆ.

“ಚಾಲೂ ಐತ್ರಿ. ಹಗೂರಕ ಒತ್ರಿ,” ಅಂದ ವೀರೇಶ, ಕಿಟಕಿಯಲ್ಲಿ ಬಗ್ಗಿ.

“ಎಲ್ಲಿ ಚಾಲೂ? ಸಪ್ಪಳನ ಇಲ್ಲ.”

“ಇದಕ ಸಪ್ಪಳ ಇರೂದಿಲ್ರಿ.”

ನಿನ್ನೆ ಮೊನ್ನೆ ಕಾರು ತಂದವನು ನನಗೆ ಪಾಠ ಹೇಳುತ್ತಾನಲ್ಲ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಕಾಯಿ ಒಡೆಯಿತು. ಹನ್ನೆರಡು ವರ್ಷದ ರೂಢಿ, ಕಾಲು ತಾನಾಗಿ ಪೂರ್ತಿ ಒತ್ತಿಬಿಟ್ಟಿತು.

ನಿಂಬೆಹಣ್ಣು ಏನಾದವೋ ನಾನು ನೋಡಲಿಲ್ಲ. ಕಾರು ಸದ್ದಿಲ್ಲದೆ ಓಣಿಯನ್ನು ಅಡ್ಡ ಹಾಯ್ದು, ನನ್ನ ಮನೆಯ ಮುಂದೆ ಓಣಿಗೆ ಮುಖಮಾಡಿ ನಿಂತಿದ್ದ ನನ್ನ ಕಾರಿಗೇ ಹೋಗಿ ಗುದ್ದಿತು. ನಡುವೆ ಯಾರೂ ಇರಲಿಲ್ಲ, ಹುಲಿಗೆಮ್ಮನ ಪುಣ್ಯ. ವೀರೇಶನ ಕಾರಿನ ಹಾರ ಸ್ವಲ್ಪ ಜಾರಿತ್ತು, ಒಂದು ಕಡೆ ಗೀರು ಬಿದ್ದಿತ್ತು. ನನ್ನ ಕಾರಿನ ಎರಡೂ ದೀಪ ಒಡೆದು, ಬಂಪರ್ ನೆಲಕ್ಕೆ ಬಿದ್ದು, ರೇಡಿಯೇಟರ್ ಸೋರತೊಡಗಿತ್ತು. ಅದರ ಮೂತಿಗೂ ಒಂದಿಷ್ಟು ಕುಂಕುಮ ಹತ್ತಿತ್ತು.

ಗಿರಿಜಾ ಓಡಿ ಬಂದು, “ವೀರೇಶ, ನಿನ್ನ ಗಾಡಿಗೇನೂ ಆಗಿಲ್ಲಲ್ಲಪಾ?” ಅಂದಳು. ಅವನಾದರೂ ನಾಲ್ಕು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. “ಇರ್ಲಿ ಬಿಡ್ರಿ ವೈನಿ. ಅಣ್ಣಾರಿಗೆ ಪೆಟ್ಟಾಗಿಲ್ಲಲ್ಲ, ಅಷ್ಟ ಸಾಕು,” ಅಂದ. ಕಾರು ಹೋಗಲಿ, ಅಂಥ ಗುಣವೂ ಅವನಿಗೇ ಇರಬೇಕೆ? ಅವತ್ತಿನಿಂದ ಅದರ ಮೇಲೂ ನನಗೆ ಹೊಟ್ಟೆಕಿಚ್ಚು.

ಈಗ ನನ್ನ ಕಾರು ಕೊಪ್ಪಳದ ಗ್ಯಾರೇಜಿನಲ್ಲಿದೆ. ನಾನು ವೀರೇಶನ ಕಾರಿನ ಹಿಂದಿನ ಸೀಟಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಆಫೀಸಿಗೆ ಹೋಗುತ್ತೇನೆ. ಸುಖವಾಗಿಯೇ ಇದೆ, ಆದರೆ ಮನೆಯಲ್ಲಿ ಹೇಳಿಲ್ಲ. ಮುಂದಿನ ಸೀಟು ಅವನ ಶಾಲೆಯ ಹೆಡ್‌ಮಾಸ್ತರದು. ಆ ಮನುಷ್ಯ ಕಾಲು ಚಾಚಿ, ಗಾಳಿಗೆ ಮುಖ ಒಡ್ಡಿ ಕೂರುವುದನ್ನು ಹಿಂದಿನಿಂದ ನೋಡಿದರೆ ಹೊಟ್ಟೆ ಉರಿಯುತ್ತದೆ. ನಿನ್ನೆ ಗ್ಯಾರೇಜಿನ ಮಿಸ್ತ್ರಿ ಫೋನ್ ಮಾಡಿ, “ಗಾಡಿ ತಯಾರ್ ಐತ್ರಿ ಸಾಹೇಬ್ರ, ಒಯ್ರಿ,” ಅಂದ. “ಅವಸರಿಲ್ಲಪಾ, ಇನ್ನೊಂದೀಟು ಛಲೋತ್ನಾಗಿ ನೋಡು,” ಅಂದೆ. ಹೆಡ್‌ಮಾಸ್ತರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ.