ಹಿಂಬಾಗಿಲ ಚಿಲಕ

“ಹಿಂಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅಲ್ಲಿಗೆ ಹೆಂಡತಿ ಮನೆ ಬಿಟ್ಟು ಹೋಗಿಲ್ಲ ಅಂತ ಆಯ್ತಲ್ಲ?” ಅಂದ ಪಂಚನಾಮೆ.

“ಆ ಬಾಗಿಲನ್ನ ಹೊರಗಿನಿಂದ ಸ್ವಲ್ಪ ಮೇಲೆತ್ತಿ ಎಳೆದರೆ ಚಿಲಕ ತಾನಾಗೇ ಬೀಳ್ತಿತ್ತು,” ಅಂದಳು ಬಿಲ್ಲಿಂಗಿಗೆ ಹೊಸದಾಗಿ ಬಂದಿದ್ದ ಹೆಂಗಸು. ಅಂದವಳೇ ಟೀ ಲೋಟ ತೊಳೆಯಲು ಎದ್ದು ಹೋದಳು.

ಆಗಿದ್ದು ಇಷ್ಟೇ. ಆ ಮಾತು ಅವಳ ಬಾಯಿಂದ ಬೀಳದಿದ್ದರೆ, ಅಥವಾ ಬಿದ್ದದ್ದನ್ನು ಪಂಚನಾಮೆ ಹೆಕ್ಕದೆ ಬಿಟ್ಟಿದ್ದರೆ, ಆ ದಿನ ಉಳಿದ ದಿನಗಳಂತೆ ಸಂಜೆಯಾಗುತ್ತಿತ್ತು.

ಪಂಚನಾಮೆ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗೋದಾಮಿನವರು ಇಟ್ಟದ್ದು. ಔಷಧಿಯ ಸಗಟು ಗೋದಾಮಿನಲ್ಲಿ, ಅಂಗಡಿಗಳಿಂದ ವಾಪಸು ಬಂದ ತಾರೀಖು ಮೀರಿದ ಮಾತ್ರೆ, ಸಿರಪ್ಪುಗಳನ್ನು ಬೇರ್ಪಡಿಸಿ ಸುಡಲು ಕಳಿಸುವುದು ಅವನ ಕೆಲಸ. ಸತ್ತ ಔಷಧಿಗಳ ನಡುವೆ ದಿನವಿಡೀ ಒಬ್ಬನೇ ಕೂತು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ನಿಜವಾಗಿ ನಡೆದ ಕೊಲೆಗಳ ಪಾಡ್‌ಕಾಸ್ಟು ಕೇಳುತ್ತಿದ್ದ. ಸೊಳ್ಳೆ ಹೊಡೆದರೂ ಕೈ ತೊಳೆಯುವ ಮನುಷ್ಯ. ಆದರೆ ಯಾವ ಊರಲ್ಲಿ ಯಾರು ಯಾರನ್ನು ಯಾವ ಆಯುಧದಿಂದ ಮುಗಿಸಿದರು ಎಂಬುದು ಅವನ ನಾಲಿಗೆಯ ತುದಿಯಲ್ಲಿತ್ತು.

ಕೇಳಿ ಸುಮ್ಮನಿದ್ದರೆ ಸರಿಯಿತ್ತು. ಅವನು ಬೇರೆಯವರಿಗೂ ಬರೆದುಕೊಡುತ್ತಿದ್ದ, ವೈದ್ಯರು ಮಾತ್ರೆ ಬರೆದುಕೊಟ್ಟಂತೆ. “ನಿದ್ದೆ ಬರಲ್ವಾ? ವಿಷ ಹಾಕಿದ್ದು ಕೇಳಿ, ಮೆತ್ತಗೆ ಸಾಗುತ್ತೆ. ಕೊಡಲಿಯದು ಮಾತ್ರ ಊಟಕ್ಕೆ ಮುಂಚೆ ಬೇಡ. ಓದೋ ಅಭ್ಯಾಸ ಇದ್ದರೆ ಒಬ್ಬ ಕ್ರೈಂ ವರದಿಗಾರನ ದಪ್ಪ ಪುಸ್ತಕ ಇದೆ, ತಗೊಳ್ಳಿ, ಮೊದಲ ಅಧ್ಯಾಯ ಬಿಟ್ಟುಬಿಡಿ, ಹೆಣ ಬರೋದೇ ಎರಡರಲ್ಲಿ.”

ಈ ಚಿಕಿತ್ಸೆಗೆ ಗೋದಾಮಿನಲ್ಲಿ ಇಬ್ಬರು ಖಾಯಂ ರೋಗಿಗಳಿದ್ದರು. ಒಬ್ಬ, ವ್ಯಾನು ಓಡಿಸುವ ಡ್ರೈವರಣ್ಣ. ಅವನಿಗೆ ಪಾಡ್‌ಕಾಸ್ಟೇ ಆಗಬೇಕು. ಇನ್ನೊಬ್ಬರು ಲೆಕ್ಕಪತ್ರ ನೋಡಿಕೊಳ್ಳುವ ಲೆಕ್ಕದಕ್ಕ. ಅವರಿಗೆ ಪತ್ರಿಕೆಯಲ್ಲಿ ಬಂದದ್ದಷ್ಟೇ ಸತ್ಯ. “ಕಿವಿಗೆ ಬಿದ್ದದ್ದು ಗಾಳಿ, ಅಚ್ಚಾದದ್ದು ಸಾಕ್ಷಿ” ಎನ್ನುವವರು.

ಮೂವರಿಗೂ ಅಚ್ಚುಮೆಚ್ಚಿನದು ಒಂದೇ: ಹೆಣ ಸಿಗದ ಆ ಕೊಲೆ. ದೂರದ ಊರಿನ ಒಬ್ಬ ಟೈಲ್ಸ್ ವ್ಯಾಪಾರಿ. ಒಂದು ಬೆಳಿಗ್ಗೆ ಹೆಂಡತಿ ಕಾಣೆ. “ಅವಳೇ ಎದ್ದು ಹೋದಳು” ಅಂದ. ಆದರೆ ಮುಂಬಾಗಿಲಿಗೆ ಬೀಗ, ಕೀಲಿ ಅವನ ಜೇಬಲ್ಲಿ. ಹಿಂಬಾಗಿಲಿಗೆ ಒಳಗಿನಿಂದ ಚಿಲಕ. ಅಡುಗೆಮನೆಯ ನೆಲದ ಸಂದಿಯಲ್ಲಿ ಅವಳ ರಕ್ತ. ಪೊಲೀಸರು ಮನೆಯ ಟೈಲ್ಸನ್ನೆಲ್ಲ ಕಿತ್ತರು, ಹೆಣ ಸಿಗಲಿಲ್ಲ. ಆದರೂ ಆ ಚಿಲಕದ ಬಲದ ಮೇಲೆ ಅವನಿಗೆ ಜೀವಾವಧಿಯಾಯಿತು. ಹನ್ನೆರಡು ಕಂತಿನ ಪಾಡ್‌ಕಾಸ್ಟಿನಲ್ಲಿ ಒಂದು ಕಂತು ಪೂರ್ತಿ ಚಿಲಕದ್ದೇ. ಇನ್ನೊಂದು ಕಂತು, ನಸುಕಿನಲ್ಲಿ ತಲೆಗೆ ಶಾಲು ಹೊದ್ದು ಚೀಲ ಹಿಡಿದು ಆ ಬೀದಿಯಲ್ಲಿ ಹೋದ ಒಬ್ಬ ಹೆಂಗಸಿನದು. ಪತ್ರಿಕೆ ಹಂಚುವವನು ಕಂಡಿದ್ದನಂತೆ. ಗಂಡನಿಗೆ ಇನ್ನೊಬ್ಬಳಿದ್ದಳು, ಕೊಲೆಗೆ ಕೈಜೋಡಿಸಿದವಳು ಅವಳೇ ಎಂದು ಕೇಳುಗರೆಲ್ಲ ತೀರ್ಮಾನಿಸಿ, ‘ಎರಡನೇ ಹೆಂಗಸು’ ಎಂದು ಹೆಸರೂ ಇಟ್ಟಿದ್ದರು.

ಬಿಲ್ಲಿಂಗ್ ಮೇಡಂ ಬಂದು ಕೆಲವು ವಾರವಷ್ಟೇ. ಯಾರೊಂದಿಗೂ ಹೆಚ್ಚು ಮಾತಿಲ್ಲ. ಈಗ ಒಮ್ಮೆಲೇ ಚಿಲಕದ ಮಾತಾಡಿದ್ದು ಕೇಳಿ ಪಂಚನಾಮೆಗೆ, ಬರಗಾಲದಲ್ಲಿ ನೆಂಟರು ಅಕ್ಕಿಮೂಟೆ ಹೊತ್ತು ಬಂದಷ್ಟು ಸಂತೋಷವಾಯಿತು. ಅವಳ ಕೌಂಟರಿಗೆ ಓಡಿದ.

“ಮೇಡಂ, ನೀವೂ ನಮ್ಮವರೇ! ಹೇಳಲೇ ಇಲ್ವಲ್ಲ? ಚಿಲಕದ ವಿಷಯ ಯಾವ ಪುಸ್ತಕದಲ್ಲಿ ಬಂದಿದೆ?”

ಅವಳ ಬೆರಳು ಕೀಬೋರ್ಡಿನ ಮೇಲೆ ನಿಂತಿತು. “ಎಲ್ಲೋ ಓದಿದ್ದೆ. ನೆನಪಿಲ್ಲ.”

“ನೆನಪು ಮಾಡ್ಕೊಳ್ಳಿ. ಅಲ್ಲಿವರೆಗೆ ನಾನು ಒಂದೆರಡು ಹೇಳ್ತೀನಿ. ಪ್ರೆಶರ್ ಕುಕ್ಕರಲ್ಲಿ ಬೇಯಿಸಿದ್ದು ಕೇಳಿದ್ದೀರಾ?”

“ಇಲ್ಲ. ಬೇಡ.”

“ಸರಿ, ಮೊದಲ ಸಲಕ್ಕೆ ಭಾರ ಆಗುತ್ತೆ. ಕತ್ತು ಹಿಸುಕಿದ್ದು—”

“ನನಗೆ ಕೆಲಸ ಇದೆ,” ಅಂದಳು ಮೇಡಂ. ಅವಳ ಮುಖ ಗೋಡೆಯ ಸುಣ್ಣದಂತಾಗಿದ್ದನ್ನು ಪಂಚನಾಮೆ ಕಂಡ. ಹೊಸಬರಿಗೆ ಹಾಗಾಗುವುದು ಸಹಜ ಅಂದುಕೊಂಡ.

ಊಟದ ಹೊತ್ತಿಗೆ ವಿಷಯ ಇಬ್ಬರು ರೋಗಿಗಳ ಮುಂದೆ ಬಂತು. ಡ್ರೈವರಣ್ಣ ತುತ್ತು ಕೈಯಲ್ಲೇ ಹಿಡಿದು ಕೂತ. “ಚಿಲಕ ತಾನಾಗೇ ಬೀಳುತ್ತೆ ಅಂತ ಹನ್ನೆರಡು ಕಂತಲ್ಲಿ ಎಲ್ಲೂ ಬಂದಿಲ್ಲ. ನಾನು ಎರಡೆರಡು ಸಲ ಕೇಳಿದ್ದೀನಿ.”

“ಆ ಕೇಸಿನ ಮೇಲೆ ಬಂದ ಪುಸ್ತಕದಲ್ಲೂ ಇಲ್ಲ,” ಅಂದ ಪಂಚನಾಮೆ.

“ಪತ್ರಿಕೆಯಲ್ಲೂ ಇಲ್ಲ,” ಅಂದರು ಲೆಕ್ಕದಕ್ಕ. ಅವರ ದನಿ ಇಳಿಯಿತು. “ಅಂದಮೇಲೆ ಆ ಬಾಗಿಲನ್ನ ಎತ್ತಿ ಎಳೆದವರಿಗೆ ಮಾತ್ರ ಗೊತ್ತಿರೋ ವಿಷಯ.”

ಮೂವರೂ ಗಾಜಿನಾಚೆ ಕೂತಿದ್ದ ಬಿಲ್ಲಿಂಗ್ ಮೇಡಂ ಕಡೆ ನೋಡಿದರು. ಅವಳು ಒಬ್ಬಳೇ ಕೂತು, ಡಬ್ಬಿ ತೆರೆಯದೆ, ಗೋಡೆ ನೋಡುತ್ತಿದ್ದಳು.

“ಎರಡನೇ ಹೆಂಗಸು,” ಅಂದ ಡ್ರೈವರಣ್ಣ.

ಲೆಕ್ಕದಕ್ಕ ತಮ್ಮ ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ದೂರ ತಳ್ಳಿದರು. “ಈ ನೀರು ತುಂಬಿಸಿದ್ದು ಅವಳೇ ಕಣೋ.”

ಅಲ್ಲಿಂದ ಗೋದಾಮು ಗೋದಾಮಾಗಿ ಉಳಿಯಲಿಲ್ಲ. ಡ್ರೈವರಣ್ಣ ಡೆಲಿವರಿಗೆ ಹೋಗದೆ, ನಿದ್ದೆ ಮಾತ್ರೆಗಳ ಕಪಾಟಿಗೆ ಬೆನ್ನು ಕೊಟ್ಟು ನಿಂತ. ಲೆಕ್ಕದಕ್ಕ ಸರ್ಜಿಕಲ್ ಬ್ಲೇಡುಗಳ ಪೆಟ್ಟಿಗೆಯನ್ನು ತಮ್ಮ ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತು ಲೆಕ್ಕ ಬರೆದರು. ಬಾಯಿ ಬಿಡಿಸುವ ಕೆಲಸ ಪಂಚನಾಮೆಯ ಪಾಲಿಗೆ ಬಂತು. “ನೀನೇ ಹೇಳ್ತಿದ್ದೆಯಲ್ಲ, ಎದುರು ಕೂತು ಲೋಕಾಭಿರಾಮ ಮಾತಾಡಿದರೆ ಕೊಲೆಗಾರರು ತಾವಾಗೇ ಹೇಳ್ತಾರೆ ಅಂತ,” ಎಂದು ಡ್ರೈವರಣ್ಣ ಹುರಿದುಂಬಿಸಿದ. ಹೇಳುವಾಗ ಸುಲಭವಿತ್ತು. 

ತಾರೀಖು ಮೀರಿದ ಸರಕಿನ ಬಿಲ್ಲು ಹೊಂದುತ್ತಿಲ್ಲ ಎಂದು ಸುಳ್ಳು ಹೇಳಿ ಅವಳನ್ನು ತನ್ನ ಕೋಣೆಗೆ ಕರೆದ. ಅವಳು ಬರುವ ಮೊದಲು, ಮಾತು ರೆಕಾರ್ಡ್ ಆಗಲೆಂದು ಮೊಬೈಲನ್ನು ಕೆಮ್ಮಿನ ಸಿರಪ್ಪಿನ ಪೆಟ್ಟಿಗೆಗಳ ಸಾಲಿನ ತುದಿಯಲ್ಲಿ ಅಡಗಿಸಲು ಸ್ಟೂಲು ಹತ್ತಿದ. ಅಷ್ಟರಲ್ಲಿ ಬಾಗಿಲಲ್ಲಿ ಅವಳ ನೆರಳು ಬಿತ್ತು. ಕೈಯಲ್ಲಿ ಏನೋ ಹೊಳೆಯಿತು. ಅದು ಬಿಲ್ಲಿಗೆ ಚುಚ್ಚುವ ಸ್ಟೇಪ್ಲರು. ಪಂಚನಾಮೆಯ ಕಣ್ಣಿಗೆ ಹಾಗೆ ಕಾಣಲಿಲ್ಲ. ಅವನು ಹೌಹಾರಿದ, ಸ್ಟೂಲು ವಾಲಿತು, ಪೆಟ್ಟಿಗೆಗಳ ಗೋಪುರ ಅವನನ್ನು ಹಿಂಬಾಲಿಸಿ ನೆಲಕ್ಕೆ ಬಂತು. ರೆಕಾರ್ಡ್ ಒತ್ತುವ ಮೊದಲೇ ಮೊಬೈಲು ಅದರಡಿ ಸಿಕ್ಕಿ ಒಡೆಯಿತು.

ಶಬ್ದಕ್ಕೆ ಓಡಿ ಬಂದ ಡ್ರೈವರಣ್ಣ ಕಂಡದ್ದಿಷ್ಟು: ನೆಲದ ಮೇಲೆ ಅಂಗಾತ ಬಿದ್ದ ಪಂಚನಾಮೆ, ಎದೆ ತುಂಬ ಕೆಂಪು, ಪಕ್ಕದಲ್ಲಿ ಬಗ್ಗಿ ನಿಂತ ಹೆಂಗಸು.

“ಚುಚ್ಚಿಬಿಟ್ಟಳು! ಅಯ್ಯೋ, ಇವನನ್ನೂ ಮುಗಿಸಿಬಿಟ್ಟಳು!”

ಗೋದಾಮೆಲ್ಲ ಸೇರಿತು. ಮ್ಯಾನೇಜರು ಬಂದರು, ಬೆರಳಿನಿಂದ ಆ ಕೆಂಪನ್ನು ಮುಟ್ಟಿ ಮೂಸಿದರು. “ಕೆಮ್ಮಿನ ಸಿರಪ್ಪು,” ಅಂದರು. “ಏಳೋ ಮೇಲಕ್ಕೆ. ಏನಿದು?”

ಏನೆಂದು ಡ್ರೈವರಣ್ಣ ಹೇಳಿದ. ಚಿಲಕ, ಶಾಲು, ಚೀಲ, ಟೈಲ್ಸು, ಎಲ್ಲವನ್ನೂ ಒಂದೇ ಉಸಿರಿಗೆ. ಲೆಕ್ಕದಕ್ಕ ಹಿಂದಿನಿಂದ ತಾರೀಖುಗಳನ್ನು ಸೇರಿಸಿದರು. ಮ್ಯಾನೇಜರು ಮೇಡಂ ಕಡೆ ತಿರುಗಿದರು. ಮೇಡಂ ಯಾರನ್ನೂ ನೋಡಲಿಲ್ಲ.

“ಇವರ ಜೊತೆ ಒಂದು ನಿಮಿಷ ಮಾತಾಡಬೇಕು,” ಅಂದಳು, ಪಂಚನಾಮೆಯತ್ತ ತೋರಿಸಿ. “ಬಾಗಿಲು ಹಾಕ್ಕೊಂಡು.”

“ಹೋಗಬೇಡ್ವೋ!” ಅಂದ ಡ್ರೈವರಣ್ಣ. ಪಂಚನಾಮೆ ಎಲ್ಲಿಗೂ ಹೋಗುವಂತಿರಲಿಲ್ಲ, ಅಂಗಿ ನೆಲಕ್ಕೆ ಅಂಟಿಕೊಂಡಿತ್ತು. ಮ್ಯಾನೇಜರು ಉಳಿದವರನ್ನು ಹೊರಗೆ ತಳ್ಳಿ, ತಾವೂ ಹೊರಬಂದು ಬಾಗಿಲೆಳೆದರು.

“ಮೇಡಂ,” ಅಂದ ಪಂಚನಾಮೆ. “ನೀವು... ಆ ಎರಡನೇ ಹೆಂಗಸಾ?”

“ಎರಡನೆಯವಳು ಯಾರೂ ಇರಲಿಲ್ಲ.” ಅವಳು ಕಿವಿಯ ಹಿಂದಿನ ಕೂದಲನ್ನು ಸರಿಸಿದಳು. ಅಲ್ಲಿ, ಕಿವಿಯಿಂದ ಕತ್ತಿನವರೆಗೆ, ಒರಟಾಗಿ ಹೊಲಿದ ಚೀಲದ ಬಾಯಿಯಂಥ ಗಾಯದ ಗುರುತು. “ಹೆಣ ಎಲ್ಲಿ, ಹೆಣ ಎಲ್ಲಿ ಅಂತ ಹನ್ನೆರಡು ಕಂತು ಹುಡುಕಿದ್ರಲ್ಲ? ಇಲ್ಲೇ ನಿಂತಿದೆ. ನೋಡ್ಕೊಳ್ಳಿ.”

ಪಂಚನಾಮೆಗೆ ಮೊದಲು ಬಂದದ್ದು ನಾಚಿಕೆಗೇಡಿನ ಸಂತೋಷ. ಜಗತ್ತಿನಲ್ಲಿ ಯಾರಿಗೂ ಬಿಡಿಸಲಾಗದ ಕೊಲೆ ತನ್ನ ಕೋಣೆಯಲ್ಲಿ ಬಿಡಿಸಿಕೊಂಡಿತ್ತು! ಆಮೇಲೆ ಅವಳ ಕೈ ಕಂಡಿತು. ಹೊರಗಿನವರು ಯಾರೂ ತೆರೆಯದಂತೆ ಅದು ಬಾಗಿಲಿನ ಹಿಡಿಕೆಯನ್ನು ಒತ್ತಿ ಹಿಡಿದಿತ್ತು.

“ಹಾಗಾದರೆ ಆತ ನಿಮ್ಮನ್ನ ಕೊಂದಿಲ್ಲ. ಸುಮ್ಮನೆ ಜೈಲಲ್ಲಿದ್ದಾನೆ.”

“ಸುಮ್ಮನೆ?” ಅಂದಳು ಅವಳು. “ನೆಲದ ಸಂದಿಯಲ್ಲಿ ಸಿಕ್ಕಿದ್ದು ನನ್ನ ರಕ್ತಾನೇ. ಒಂದು ದಿನದ್ದಲ್ಲ. ಹೊರಗೆ ಹೋಗುವಾಗ ನನ್ನ ಒಳಗಿಟ್ಟು ಬೀಗ ಹಾಕ್ತಿದ್ದ. ಒಂದು ಸಲ ತಪ್ಪಿಸಿಕೊಂಡು ಸ್ಟೇಷನ್ನಿಗೆ ಹೋದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೋಗಮ್ಮಾ ಅಂದರು. ಅವತ್ತು ರಾತ್ರಿ ಆಗಿದ್ದು ಈ ಗಾಯ. ಮಾಡಿದ್ದಕ್ಕೆ ಯಾರೂ ಹಿಡೀಲಿಲ್ಲ, ಮಾಡದ್ದಕ್ಕೆ ಹಿಡಿದರು. ಅದರಲ್ಲಿ ನನ್ನ ಪಾಲೇನಿದೆ? ನಾನು ಬದುಕಿದ್ದೀನಿ ಅಂತ ಗೊತ್ತಾದರೆ ಅವನು ಹೊರಗೆ ಬರ್ತಾನೆ. ಬಂದು ಬಿಟ್ಟ ಕೆಲಸ ಮುಗಿಸ್ತಾನೆ. ಆಗ ನಿಮಗೆ ಹೆಣ ಸಿಗುತ್ತೆ.”

ಪಂಚನಾಮೆ ಆ ಹನ್ನೆರಡು ಕಂತುಗಳನ್ನು ಊಟ ಮಾಡುತ್ತಾ ಕೇಳಿದ್ದ. ‘ಚೆನ್ನಾಗಿದೆ, ಮಧ್ಯೆ ಸ್ವಲ್ಪ ಎಳೆದಿದ್ದಾರೆ’ ಎಂದು ಎಷ್ಟೋ ಜನಕ್ಕೆ ಹೇಳಿದ್ದ. ಬೆಳಿಗ್ಗೆ ಇವಳ ಮುಂದೆಯೇ ಹೇಳಿದ್ದ.

“ನಾನೇನು ಮಾಡಲಿ?” ಅಂದ.

“ಸಂಜೆ ಬಸ್ಸಿನ ತನಕ ಬಾಯಿ ಮುಚ್ಕೊಂಡಿರಿ. ಅಷ್ಟು ಸಾಕು.”

ಅವನನ್ನು ಯಾರೂ ಇಷ್ಟು ಕಷ್ಟದ್ದು ಕೇಳಿರಲಿಲ್ಲ.

ಅವನು ಬಾಗಿಲು ತೆರೆದು ಹೊರಗೆ ಬಂದ. ಎಲ್ಲರೂ ಅರ್ಧಚಂದ್ರಾಕಾರವಾಗಿ ನಿಂತಿದ್ದರು, ಹೆರಿಗೆ ಕೋಣೆಯ ಮುಂದೆ ನಿಂತ ನೆಂಟರ ಹಾಗೆ.

“ಎಲ್ಲಾ ನನ್ನದೇ ತಪ್ಪು,” ಅಂದ ಪಂಚನಾಮೆ. “ಮೇಡಮ್ಮಿಗೆ ಆ ಕೇಸಿನ ಗಂಧವೂ ಗೊತ್ತಿಲ್ಲ. ಚಿಲಕದ ವಿಷಯ ಹೋದ ವಾರ ನಾನೇ ಅವರಿಗೆ ಹೇಳಿದ್ದೆ. ಹೇಳಿದ್ದು ಮರೆತುಬಿಟ್ಟೆ. ಅವರು ನನ್ನ ಮಾತನ್ನೇ ನನಗೆ ವಾಪಸು ಹೇಳಿದ್ದಾರೆ. ಪಾಪದ ಹೆಂಗಸಿಗೆ ಸುಮ್ಮನೆ ಹಿಂಸೆ ಕೊಟ್ಟುಬಿಟ್ಟೆವು.”

ಮ್ಯಾನೇಜರಿಗೆ ಅಷ್ಟೇ ಬೇಕಿತ್ತು. ಪಂಚನಾಮೆಗೆ ಬಾಯಿತುಂಬ ಬೈದರು, ಒಡೆದ ಸಿರಪ್ಪಿನ ದುಡ್ಡು ಅವನ ಸಂಬಳದಿಂದಲೇ ಎಂದರು, ಮೇಡಮ್ಮಿಗೆ ಕೈಮುಗಿದು, “ಇವತ್ತು ಬೇಗ ಮನೆಗೆ ಹೋಗಿಬಿಡಿ ತಾಯಿ” ಎಂದರು. ಅವಳು ಚೀಲ ಹೆಗಲಿಗೇರಿಸಿ, ತಿರುಗಿ ನೋಡದೆ, ಗೇಟು ದಾಟಿದಳು. ಬಸ್ ನಿಲ್ದಾಣದ ಕಡೆ ಅವಳ ನಡಿಗೆ ಜೋರಾದದ್ದನ್ನು ಕಂಡು ಪಂಚನಾಮೆಗೆ ಜೀವಮಾನದಲ್ಲಿ ಮೊದಲ ಸಲ ತಾನೊಂದು ಒಳ್ಳೆಯ ಕೆಲಸ ಮಾಡಿದೆ ಅನಿಸಿತು.

ಲೆಕ್ಕದಕ್ಕ ಮಾತ್ರ ನಿಂತಲ್ಲೇ ನಿಂತಿದ್ದರು. ಲೆಕ್ಕ ತಾಳೆಯಾಗದಾಗ ಅವರ ಹುಬ್ಬು ಹೀಗೆ ಕೂಡುತ್ತಿತ್ತು.

“ಚಿಲಕದ ವಿಷಯ ಅವಳಿಗೆ ಹೇಳಿದ್ದು ನೀನು.”

“ಹೌದಕ್ಕಾ.”

“ನಿನಗೆ ಯಾರು ಹೇಳಿದ್ದು?”

ಪಂಚನಾಮೆ ಬಾಯಿ ತೆರೆದ. ಯಾವುದು ಎಲ್ಲಿ ಬಂದಿದೆ ಎಂದು ಕಂತು, ಪುಟ ಸಮೇತ ಹೇಳುವ ಬಾಯಿ. ಈಗ ಅದರಿಂದ ಬರಿ ಗಾಳಿ ಬಂತು.

“ಪಾಡ್‌ಕಾಸ್ಟಲ್ಲಿ ಇಲ್ಲ,” ಅಂದ ಡ್ರೈವರಣ್ಣ ನಿಧಾನಕ್ಕೆ, ಒಂದು ಹೆಜ್ಜೆ ಹಿಂದೆ ಸರಿದು. “ಪುಸ್ತಕದಲ್ಲಿ ಇಲ್ಲ ಅಂತ ನೀನೇ ಹೇಳಿದೆ.”

“ಆ ಬಾಗಿಲನ್ನ ಎತ್ತಿ ಎಳೆದವರಿಗೆ ಮಾತ್ರ ಗೊತ್ತಿರೋ ವಿಷಯ,” ಅಂದರು ಲೆಕ್ಕದಕ್ಕ. “ಯಪ್ಪಾ! ಅದಕ್ಕೇ ಇವನಿಗೆ ಹೆಣ ಅಂದರೆ ಅಷ್ಟು ಪ್ರೀತಿ!”

“ಅಕ್ಕಾ, ನನ್ನ ಮಾತು ಕೇಳಿ—”

“ಹೇಳು.”

ಅವನು ಹೇಳಲಿಲ್ಲ. ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ಗೇಟಿನಲ್ಲಿ ಜೀಪು ಬಂದು ನಿಂತಿತು. ಬಾಗಿಲು ಹಾಕಿದ್ದ ಆ ಒಂದು ನಿಮಿಷದಲ್ಲೇ ಲೆಕ್ಕದಕ್ಕ ಪೊಲೀಸರಿಗೆ ಫೋನು ಮಾಡಿಯಾಗಿತ್ತು. ‘ಕೊಲೆಗಾರ್ತಿ’ ಎಂದು ಬರೆದುಕೊಂಡು ಬಂದ ಪೊಲೀಸರು ಅದನ್ನು ತಿದ್ದಿ, ಎದೆ ತುಂಬ ಕೆಂಪು ಮೆತ್ತಿಕೊಂಡು ನಿಂತಿದ್ದವನನ್ನು ಜೀಪಿಗೆ ಹತ್ತಿಸಿದರು.

ಸ್ಟೇಷನ್ನಿನಲ್ಲಿ ಎಸ್‌ಐ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ಅವರ ಕಣ್ಣಿನ ಹೊಳಪನ್ನು ಪಂಚನಾಮೆ ತಕ್ಷಣ ಗುರುತಿಸಿದ. ಅದು ಅವನದೇ ಕುಲದವರ ಹೊಳಪು.

“ಹನ್ನೆರಡೂ ಕಂತು ಕೇಳಿದ್ದೀನಿ,” ಅಂದರು ಎಸ್‌ಐ. “ಪ್ರತಿ ಸಲ ಮುಗಿದಾಗಲೂ ನನಗೆ ಒಂದೇ ಪ್ರಶ್ನೆ. ಹೇಳು. ಹೆಣ ಎಲ್ಲಿ?”

“ಗೊತ್ತಿಲ್ಲ ಸಾರ್.”

“ಆ ವ್ಯಾಪಾರಿಗೂ ನಿನಗೂ ಏನು ಸಂಬಂಧ?”

“ಗೊತ್ತಿಲ್ಲ ಸಾರ್.”

“ಸರಿ. ಅವನನ್ನೂ ಕರೆಸಿ ಎದುರುಬದುರು ಕೂರಿಸ್ತೀವಿ. ನಮಗೇನು ಆತುರವಿಲ್ಲ.”

ಹೊರಗೆ ಬೆಳಕು ಇಳಿಯುತ್ತಿತ್ತು. ಎಲ್ಲೋ ಒಂದು ಬಸ್ಸು ಹಾರನ್ನು ಹೊಡೆದು ಹೊರಟಿತು. ಕಿಟಕಿಯಾಚೆ ಜಗಲಿಯ ಮೇಲೆ ಡ್ರೈವರಣ್ಣನ ದನಿ ಕೇಳಿಸುತ್ತಿತ್ತು. ಪಾಡ್‌ಕಾಸ್ಟಿನವರಿಗೆ ಫೋನು ಹಚ್ಚಿ, ಗದ್ಗದ ಕಂಠದಲ್ಲಿ ಹೇಳುತ್ತಿದ್ದ:

“ಹೌದು ಸಾರ್, ಜೊತೆಗೇ ಊಟ ಮಾಡ್ತಿದ್ವಿ. ಬಹಳ ಸಾಧು ಮನುಷ್ಯ ಸಾರ್. ತಾನಾಯಿತು, ತನ್ನ ಕೆಲಸವಾಯಿತು. ಇಂಥವನು ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ.”