ಸಾಹೇಬರನ್ನು ತಣ್ಣಗಿಡುವ ಕೆಲಸ

ಬೆಳಿಗ್ಗೆ ಎಂಟೂವರೆಗೆ ನೀರು ಸರಬರಾಜು ಕಚೇರಿಯ ಗುಮಾಸ್ತರು ತಮ್ಮ ಹಳೇ ಕಾರಿನ ಏಸಿ ಹಾಕಿದರು. ಅದು ಎರಡು ಸಲ ಕೆಮ್ಮಿ, ಬಿಸಿಯುಸಿರು ಬಿಟ್ಟು ಸುಮ್ಮನಾಯಿತು. ಬೇರೆ ದಿನವಾಗಿದ್ದರೆ ಕಿಟಕಿ ಇಳಿಸಿಕೊಂಡು ಹೊರಟುಬಿಡುತ್ತಿದ್ದರು. ಇವತ್ತು ಹಾಗಾಗುವಂತಿರಲಿಲ್ಲ. ಕಚೇರಿ ಜೀಪು ರಿಪೇರಿಗೆ ಹೋಗಿತ್ತು, ದೊಡ್ಡ ಸಾಹೇಬರು ಎರಡು ಗಂಟೆ ದಾರಿಯ ಪಂಪ್‌ಹೌಸಿಗೆ ಮಧ್ಯಾಹ್ನ ತಪಾಸಣೆಗೆ ಹೋಗಬೇಕಿತ್ತು, ‘ನನ್ನ ಕಾರಿದೆ ಸರ್’ ಎಂದು ನಿನ್ನೆ ಗುಮಾಸ್ತರೇ ಮೇಲೆ ಬಿದ್ದು ಹೇಳಿದ್ದರು.

ಸುಮ್ಮನೆ ಹೇಳಿದ್ದಲ್ಲ. ಅವರದ್ದೊಂದು ವರ್ಗಾವಣೆ ಅರ್ಜಿ ಇತ್ತು. ಹೆಂಡತಿ ಮಗಳು ಇರುವ ಊರು ಇಡೀ ದಿನದ ಬಸ್ಸಿನ ದೂರ. ನಾಲ್ಕು ವರ್ಷದಿಂದ ಮಗಳು ಎಷ್ಟು ಬೆಳೆದಳೆಂದು ಪಾಪ ಫೋಟೋ ನೋಡಿಯೇ ಅಂದಾಜು ಮಾಡುತ್ತಿದ್ದರು. ಈಗ ಆ ಊರಲ್ಲಿ ಜಾಗ ಖಾಲಿಯಾಗಿತ್ತು, ಸಾಹೇಬರದ್ದೊಂದು ಸಹಿ ಬಿದ್ದರೆ ಆಯಿತು. ಆದರೆ ಸೆಕೆಯಾದರೆ ಸಾಹೇಬರು ಯಾವ ಕಾಗದಕ್ಕೂ ಸಹಿ ಹಾಕುವವರಲ್ಲ. ಹೋದ ತಿಂಗಳು ಅವರ ರೂಮಿನ ಫ್ಯಾನು ಕೆಟ್ಟಾಗ ಮೂರು ದಿನ ಯಾರಿಗೂ ರಜೆ ಸಿಕ್ಕಿರಲಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ನಾಳಿದ್ದು ನೋಡೋಣ ಅಂದ. ಗುಮಾಸ್ತರು ಕಚೇರಿ ಹಿಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ್ದೇ ತಡ, ಒಳಗಿದ್ದವರೆಲ್ಲ ಹೊರಗೆ ಬಂದರು. ನೀರಿನ ಇಲಾಖೆಯವರು ನೋಡಿ, ಅವರ ಪ್ರಕಾರ ಪ್ರಪಂಚದಲ್ಲಿ ಇರುವುದು ಎರಡೇ ಕಾಯಿಲೆ. ಒಂದೋ ಪ್ರೆಶರ್ ಕಮ್ಮಿ, ಇಲ್ಲ ಎಲ್ಲೋ ಲೀಕು. ಸ್ಟೋರ್ ಕೀಪರು ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದೆ, ಒಂದು ಕಡೆ ಬಿಚ್ಚಿಬಿಡೋಣ ಎಂದು ದೊಡ್ಡ ಸ್ಪ್ಯಾನರನ್ನೇ ತಂದರು. ಗುಮಾಸ್ತರು ಬಾನೆಟ್ಟಿಗೆ ಅಡ್ಡ ನಿಂತು ಹೇಗೋ ಕಾರನ್ನು ಉಳಿಸಿಕೊಂಡರು. ಮೂವತ್ತು ವರ್ಷ ಬೀದಿಬೀದಿಗೆ ನೀರು ಬಿಟ್ಟ ವಾಲ್‌ಮ್ಯಾನ್ ಅಣ್ಣ ಮಾತ್ರ ಪೈಪಿಗೆ ಕಿವಿಯಿಟ್ಟು ಕೂತಿದ್ದರು.

ಕಾರಿನೊಳಗೆ ಹೋಗಿ ಕೂತವರು ಟೈಪಿಸ್ಟ್ ಅಕ್ಕ ಒಬ್ಬರೇ. ಏಸಿ ಕಿಂಡಿಗೆ ಕೈ ಹಿಡಿದು, “ಗಾಳಿನೇ ಬರ್ತಿಲ್ಲ, ಇನ್ನು ತಂಪೆಲ್ಲಿಂದ ಬರುತ್ತೆ?” ಅಂದರು. ಪಕ್ಕದ ಸೀಟಿನ ಮುಂದಿನ ಖಾನೆ ಬಿಚ್ಚಿಸಿ, ಹಿಂದಿದ್ದ ಫಿಲ್ಟರ್ ಹೊರಗೆ ಎಳೆದರು. ಧೂಳು, ಒಣಗಿದ ಎಲೆ, ಇಲಿ ಕಡಿದ ಹತ್ತಿ, ಏನುಂಟು ಏನಿಲ್ಲ. ಅಂಥದ್ದೊಂದು ಕಾರಿನಲ್ಲಿದೆ ಅನ್ನುವುದೇ ಗುಮಾಸ್ತರಿಗೆ ಗೊತ್ತಿರಲಿಲ್ಲ. ಕೊಡವಿ, ತೊಳೆದು, ಒಣಗಿಸಿ ಹಾಕಿದ ಮೇಲೆ ಐದೇ ನಿಮಿಷಕ್ಕೆ ಒಳಗೆ ಕೂತವರಿಗೆ ಚಳಿ ಹತ್ತಿತು.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ವಾಲ್‌ಮ್ಯಾನ್ ಅಣ್ಣನ ಕಣ್ಣಿಗೆ ಕಾರಿನ ಕೆಳಗೆ ತೊಟ್ಟಿಕ್ಕುತ್ತಿದ್ದ ನೀರು ಬಿತ್ತು. ಏಸಿ ಓಡುವಾಗ ಹಾಗೆ ನೀರು ತೊಟ್ಟಿಕ್ಕಲೇಬೇಕು, ಅದಕ್ಕೆಂದೇ ಒಂದು ಕೊಳವೆ ಇರುತ್ತದೆ. ಇದನ್ನು ಅವರಿಗೆ ಹೇಳುವವರು ಯಾರು? ಲೀಕು ಕಂಡು ಸುಮ್ಮನಿರುವ ಜಾಯಮಾನ ಅವರದ್ದಲ್ಲ. ಕಾರಿನಡಿ ತೆವಳಿ, ಕೊಳವೆಯ ಬಾಯಿಗೆ ಬಟ್ಟೆ ತುರುಕಿ, ಮೇಲೆ ಟೇಪು ಸುತ್ತಿ ಬಂದರು.

“ಸಣ್ಣ ಲೀಕಿತ್ತು ಸ್ವಾಮಿ, ಕಟ್ಟಿದೀನಿ. ನಿಶ್ಚಿಂತೆಯಾಗಿ ಹೋಗ್ಬನ್ನಿ” ಎಂದು ಗುಮಾಸ್ತರ ಕಿವಿಯಲ್ಲಿ ಹೇಳಿದರು. ಗುಮಾಸ್ತರಿಗೆ ಕಣ್ಣು ತುಂಬಿಬಂತು. ಯಾವ ಲೀಕು ಎಂದು ಕೇಳಲೇ ಇಲ್ಲ.

ಹಿಂದೆ ಕೂತರೆ ತಲೆ ಸುತ್ತುತ್ತದೆಂದು ಸಾಹೇಬರು ಮುಂದೆಯೇ ಕೂತರು. ಮೊದಲ ಒಂದು ಗಂಟೆ ಸ್ವರ್ಗ. ಸಾಹೇಬರು ಯಾವುದೋ ರಾಗ ಗುನುಗುತ್ತಾ ಕಾರನ್ನು ಹೊಗಳಿದರು. ಇದೇ ಸಮಯ ಎಂದು ಗುಮಾಸ್ತರು ಅರ್ಜಿಯ ಮಾತೆತ್ತಲು ಬಾಯಿ ತೆರೆದರು. ಅಷ್ಟರಲ್ಲಿ ತಿರುವು ಬಂತು. ಹೊರಗೆ ಹೋಗಲಾರದೆ ಒಳಗೇ ತುಂಬಿಕೊಂಡಿದ್ದ ನೀರೆಲ್ಲ ಡ್ಯಾಶ್‌ಬೋರ್ಡಿನ ಕೆಳಗಿಂದ ಸಾಹೇಬರ ಬೂಟಿನ ಮೇಲೆ ಸುರಿಯಿತು. ಹೆದರಿ ಬ್ರೇಕು ಹಾಕಿದರೆ ಉಳಿದದ್ದೂ ಸುರಿಯಿತು.

ಸಾಹೇಬರು ಬಗ್ಗಿ ಬೂಟು ನೋಡಿದರು. ಗುಮಾಸ್ತರಿಗೆ ಮಗಳ ಮುಖ ಕಣ್ಣ ಮುಂದೆ ಬಂದು ಹೋಯಿತು. ಸಾಹೇಬರು ನಿಧಾನವಾಗಿ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು, ಮ್ಯಾಟಿನ ಮೇಲೆ ನಿಂತಿದ್ದ ತಣ್ಣೀರಿನಲ್ಲಿ ಎರಡೂ ಕಾಲಿಟ್ಟು ಕಣ್ಣು ಮುಚ್ಚಿದರು.

“ಹತ್ತು ವರ್ಷದಿಂದ ಅಂಗಾಲು ಉರಿ ಕಣ್ರೀ. ಎಷ್ಟು ಡಾಕ್ಟರು, ಎಷ್ಟು ಮುಲಾಮು.” ಕಣ್ಣು ತೆರೆದು ಗುಮಾಸ್ತರತ್ತ ತಿರುಗಿದರು. “ನನಗೋಸ್ಕರ ಇಷ್ಟೆಲ್ಲಾ ವ್ಯವಸ್ಥೆ ಮಾಡಿದೀರಾ?”

ಗುಮಾಸ್ತರು ನಿಜ ಹೇಳಬೇಕಿತ್ತು. ಆದರೆ ಬಾಯಿ ತನ್ನ ಪಾಡಿಗೆ ತಾನು, “ನಮ್ಮ ಕೈಲಾದ ಸೇವೆ ಸರ್” ಅಂದುಬಿಟ್ಟಿತು.

“ನಿಮ್ಮದೊಂದು ವರ್ಗಾವಣೆ ಅರ್ಜಿ ಇತ್ತಲ್ಲ, ಕೊಡಿ” ಎಂದು ಸಾಹೇಬರೇ ಕೇಳಿ ಇಸಿದುಕೊಂಡರು. ಕಾಲು ನೀರಿನಲ್ಲಿದ್ದ ಹಾಗೇ ನಾಲ್ಕು ಸಾಲು ಬರೆದು, ಸಹಿ ಹಾಕಿ, ಮಡಿಸಿ ಕೊಟ್ಟರು. ಉಳಿದ ದಾರಿ ಹೇಗೆ ಸಾಗಿತೋ ಗುಮಾಸ್ತರಿಗೆ ನೆನಪಿಲ್ಲ. ಸಾಹೇಬರು ಬರಿಗಾಲಲ್ಲೇ ಪಂಪ್‌ಹೌಸಿನೊಳಗೆ ಹೋದ ಮೇಲೆ ಗುಮಾಸ್ತರು ಕಾಗದ ಬಿಡಿಸಿದರು.

‘ಇಂಥ ಸಿಬ್ಬಂದಿಯನ್ನು ಬಿಟ್ಟುಕೊಡಲು ಸಾಧ್ಯವಿಲ್ಲ. ನನ್ನ ನಿವೃತ್ತಿಯವರೆಗೆ, ಅಂದರೆ ಇನ್ನು ಆರು ವರ್ಷ, ಇವರು ಇಲ್ಲಿಯೇ ಮುಂದುವರಿಯತಕ್ಕದ್ದು. ನಾಳೆಯಿಂದ ತಪಾಸಣೆಗೆ ಇವರ ಕಾರನ್ನೇ ಬಳಸಲಾಗುವುದು.’

ಫೋನು ಹೊಡೆದುಕೊಂಡಿತು. ಹೆಂಡತಿ.

“ಏನಾಯ್ತು ರೀ? ಸಾಹೇಬ್ರಿಗೆ ಖುಷಿಯಾಯ್ತಾ?”

“ಆಯ್ತು ಕಣೇ,” ಅಂದರು ಗುಮಾಸ್ತರು. “ಸ್ವಲ್ಪ ಜಾಸ್ತಿನೇ ಆಯ್ತು.”